ಉಪ್ಪು ಹಾಕದ ಪುಡಿ

ಸಾರಿನ ಪುಡಿ ಮಾಡುವವರು ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಮೆಣಸು, ಬ್ಯಾಡಗಿ ಮೆಣಸಿನಕಾಯಿಯನ್ನು ಹದವಾಗಿ ಹುರಿದು, ಪುಡಿ ಮಾಡಿ, ತಿಂಗಳುಗಟ್ಟಲೆಗೆ ಆಗುವಷ್ಟು ಡಬ್ಬಿಗೆ ತುಂಬಿಡುತ್ತಾರೆ. ಆದರೆ ಅದಕ್ಕೆ ಉಪ್ಪು ಬೆರೆಸುವುದಿಲ್ಲ, ಹುಣಸೆಹಣ್ಣೂ ಹಾಕುವುದಿಲ್ಲ. ಮರೆತು ಬಿಟ್ಟದ್ದಲ್ಲ ಅದು. ಇವತ್ತು ಬೇಳೆ ಎಷ್ಟು, ನೀರು ಎಷ್ಟು, ಟೊಮೆಟೊ ಎಷ್ಟು ಹುಳಿ ಎಂಬುದು ಒಲೆಯ ಮುಂದೆ ನಿಂತಾಗ ತಿಳಿಯುವ ಸಂಗತಿ. ಡಿಜಿಟಲ್ ಫೋಟೋ ತಿದ್ದುವವರು ಮೊದಲೇ ಕಟ್ಟಿಟ್ಟುಕೊಳ್ಳುವ ಅಳತೆಗಳ ಗಂಟು, ಅಂದರೆ ಪ್ರೀಸೆಟ್, ಇಂಥದೇ ಒಂದು ಡಬ್ಬಿ. ಅದರಿಂದ ಪ್ರಯೋಜನವಿದೆಯೇ ಎಂದು ಕೇಳಿದರೆ ಫೋಟೋಗ್ರಾಫರುಗಳಲ್ಲಿ ಎರಡು ಪಂಗಡಗಳಾಗುತ್ತವೆ. ಒಂದು ಪಂಗಡಕ್ಕೆ ಅದು ಸೋಮಾರಿಯ ಊರುಗೋಲು, ಇನ್ನೊಂದಕ್ಕೆ ಅದಿಲ್ಲದೆ ಹೊಟ್ಟೆಪಾಡು ನಡೆಯದು. ಡಬ್ಬಿಯ ಮುಚ್ಚಳ ತೆಗೆದು ಒಳಗೇನಿದೆ ಎಂದು ನೋಡದೆಯೇ ಇಬ್ಬರೂ ಜಗಳಕ್ಕೆ ನಿಂತಂತೆ ಕಾಣುತ್ತದೆ. ನನ್ನ ಲೆಕ್ಕದಲ್ಲಿ, ತಾನು ಕಾಣದ ಬೆಳಕಿನ ವಿಷಯದಲ್ಲಿ ಬಾಯಿ ಹಾಕದ ಪ್ರೀಸೆಟ್ ಬಹಳ ಉಪಯೋಗದ ವಸ್ತು. ಉಪ್ಪು, ಹುಳಿ ಎಲ್ಲವನ್ನೂ ತಾನೇ ಬೆರೆಸಿಕೊಂಡು ಬಂದ ಪ್ರೀಸೆಟ್ ಅಡುಗೆ ಕೆಡಿಸುವುದೇ ಹೆಚ್ಚು.

ಅಡೋಬಿ ಕಂಪನಿಯ ಲೈಟ್‌ರೂಂ 2007ರಲ್ಲಿ ಬಂದ ಮೇಲೆ ಪ್ರೀಸೆಟ್ ಎಂಬ ಮಾತು ಫೋಟೋ ಮಂದಿಯ ಬಾಯಲ್ಲಿ ನೆಲೆಯೂರಿತು. ಒಂದು ಚಿತ್ರವನ್ನು ತಿದ್ದುವಾಗ ಯಾವ ಸ್ಲೈಡರನ್ನು ಎಷ್ಟು ಎಳೆದೆವು ಎಂದು ಬರೆದಿಟ್ಟುಕೊಂಡು, ಅದನ್ನೇ ಇನ್ನೊಂದು ಚಿತ್ರಕ್ಕೆ ಒಂದೇ ಕ್ಲಿಕ್ಕಿನಲ್ಲಿ ಹಚ್ಚುವುದು, ಇಷ್ಟೇ ಅದರ ಮರ್ಮ. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಚಿತ್ರವೂ ಇಲ್ಲ, ಬಣ್ಣವೂ ಇಲ್ಲ. ಸಾಲು ಸಾಲು ಹೆಸರು, ಪ್ರತಿ ಹೆಸರಿನ ಮುಂದೊಂದು ಅಂಕಿ. ಕಿರಾಣಿ ಅಂಗಡಿಯ ಚೀಟಿಗಿಂತ ನಿಗೂಢವಾದದ್ದೇನೂ ಅಲ್ಲಿಲ್ಲ. ತೊಂದರೆ ಇರುವುದು ಚೀಟಿಯಲ್ಲಿ ಬರೆಯದೆ ಬಿಟ್ಟದ್ದರಲ್ಲಿ. ಮಾಡಿದವನ ಕಣ್ಣೆದುರು ಒಂದು ಚಿತ್ರವಿತ್ತು: ಕಡಲತೀರ, ಇಳಿಹೊತ್ತು, ಪಕ್ಕದಿಂದ ಬಿದ್ದ ಬಿಸಿಲು. ಆ ಬಿಸಿಲಿಗೆ ಅವನು ಕೊಟ್ಟ ಉತ್ತರ ಫೈಲಿನಲ್ಲಿದೆ, ಬಿಸಿಲು ಕೇಳಿದ ಪ್ರಶ್ನೆ ಇಲ್ಲ. ವೈಟ್ ಬ್ಯಾಲೆನ್ಸನ್ನೂ, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆಯನ್ನೂ, ಸೇರಿಸಿ ಉಳಿಸಿದ ಪ್ರೀಸೆಟ್ಟಿನಲ್ಲಿ 5500 ಕೆಲ್ವಿನ್ ಎಂದಿದೆ ಅನ್ನೋಣ. ನಡುಹಗಲಿಗೆ ಅದು ಸರಿಯಾದ ಅಂಕಿ. 2800 ಕೆಲ್ವಿನ್ನಿನ ಹಳೇ ಬಲ್ಬಿನ ಕೆಳಗೆ ತೆಗೆದ, ಕ್ಯಾಮೆರಾ ಸಂಸ್ಕರಿಸದೆ ಬಿಟ್ಟ ರಾ ಫೈಲಿಗೆ ಅದನ್ನು ಹಚ್ಚಿದರೆ ಇಡೀ ಕೋಣೆಯನ್ನು ಕಿತ್ತಳೆ ರಸದಲ್ಲಿ ಅದ್ದಿ ತೆಗೆದಂತಾಗುತ್ತದೆ. ಎಕ್ಸ್‌ಪೋಷರಿನ ತಂಟೆ ಇಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಮಾಡಿದವನ ಚಿತ್ರದಲ್ಲಿ ಮುಖ ಕಪ್ಪು ಬಿಳುಪಿನ ಏಣಿಯ ನಡುಮೆಟ್ಟಿಲಲ್ಲಿ ಕೂತಿತ್ತು, ಅವನು ಬೆಳಕಿನ ಮಟ್ಟ ತಿದ್ದುವ ಕರ್ವನ್ನು ಅಲ್ಲಿಯೇ ತುಸು ಎತ್ತಿದ್ದ. ನಿಮ್ಮ ಚಿತ್ರಕ್ಕೆ ಒಂದು ಸ್ಟಾಪ್ ಕಡಿಮೆ ಬೆಳಕು ಬಿದ್ದಿದೆ, ಎಂದರೆ ಸೆನ್ಸರಿಗೆ ಅರ್ಧದಷ್ಟೇ ತಲುಪಿದೆ. ಮುಖ ಕೆಳಮೆಟ್ಟಿಲಿಗೆ ಇಳಿದಿದೆ, ನಡುಮೆಟ್ಟಿಲಲ್ಲಿ ಹಿಂದಿನ ಗೋಡೆ ಬಂದು ಕೂತಿದೆ. ಅದೇ ಕರ್ವ್ ಈಗ ಗೋಡೆಯನ್ನು ಬೆಳಗಿಸುತ್ತದೆ. ಹೇಳಿದ ಕೆಲಸವನ್ನು ಪ್ರೀಸೆಟ್ ಚಾಚೂ ತಪ್ಪದೆ ಮಾಡಿತು, ಬೈಯುವಂತಿಲ್ಲ.

ಇದನ್ನು ಪರೀಕ್ಷಿಸಲು ನಮ್ಮ ಕಡೆಯ ಮದುವೆ ಆಲ್ಬಮ್ಮಿಗಿಂತ ಒಳ್ಳೆಯ ಜಾಗವಿಲ್ಲ. ಧಾರೆಯ ಹೊತ್ತಿನ ಒಂದು ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿ. ಬಾಳೆಕಂದು, ಮಾವಿನ ತೋರಣ, ವೀಳ್ಯದೆಲೆ ಮೂರೂ ಹಸಿರೇ, ಆದರೆ ಮೂರಕ್ಕೂ ಬೇರೆ ಬೇರೆ ಹಸಿರು. ಎಳೆಬಾಳೆ ಹಳದಿಗೆ ಹತ್ತಿರ, ಮಾವಿನೆಲೆ ಕಪ್ಪಿಗೆ ಹತ್ತಿರ, ವೀಳ್ಯದೆಲೆ ಇವೆರಡರ ನಡುವೆ ಎಣ್ಣೆ ಹಚ್ಚಿದಂತೆ ಮಿನುಗುತ್ತದೆ. ಹುಡುಗಿಯ ಕೆನ್ನೆಯ ಅರಿಶಿನದಲ್ಲಿ ಒಂದು ಹಳದಿ, ಅಕ್ಷತೆಯಲ್ಲಿ ಇನ್ನೊಂದು, ಸೇವಂತಿಗೆಯಲ್ಲಿ ಮತ್ತೊಂದು, ಚಿನ್ನದಲ್ಲಿ ಮಗದೊಂದು. ಈ ಚಿತ್ರಕ್ಕೆ ‘ಮೂಡಿ’ ಎಂಬ ಹಣೆಪಟ್ಟಿಯಲ್ಲಿ ಮಾರಾಟವಾಗುವ ಜಾತಿಯ ಪ್ರೀಸೆಟ್ಟೊಂದನ್ನು ಹಚ್ಚಿ. ಈ ಜಾತಿಯವು ಮಾಡುವ ಮುಖ್ಯ ಕೆಲಸ ಎರಡು. ಹಸಿರಿನ ಸ್ಯಾಚುರೇಷನ್ ಇಳಿಸಿ ಮಂಕಾಗಿಸುವುದು, ಹಳದಿಯನ್ನು ಕಿತ್ತಳೆಯ ಕಡೆ ದೂಡುವುದು. ಬಾಳೆಕಂದು ಹೆಸರಿಗೆ ತಕ್ಕಂತೆ ನಿಜವಾಗಿಯೂ ಕಂದಾಗುತ್ತದೆ. ತೋರಣ ಹೋದ ಯುಗಾದಿಯದ್ದು ಅನ್ನಿಸುತ್ತದೆ. ನಾಲ್ಕು ಹಳದಿಗಳೂ ಕರಗಿ ಒಂದೇ ತಾಮ್ರದ ಬಣ್ಣಕ್ಕೆ ತಿರುಗಿ, ಅರಿಶಿನ ಹಚ್ಚಿದ ಕೆನ್ನೆಗೂ ಹಚ್ಚದ ಹಣೆಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಚಿತ್ರ ಚೆನ್ನಾಗಿಲ್ಲ ಅನ್ನಲಾಗದು, ಸೂಟಿನ ಜಾಹೀರಾತಿನಷ್ಟು ನಯವಾಗಿಯೇ ಇರುತ್ತದೆ. ಆದರೆ ಬೆಳಗಿನ ಜಾವ ಬಾಳೆಕಂದು ಕಡಿದು ತಂದು ಕಟ್ಟಿದವರು ಹಸಿರು ಇರಲೆಂದೇ ಕಟ್ಟಿದ್ದು. ಮಳೆ ಹಿಡಿದ ಮಲೆನಾಡಿಗೆ ಹೋಗಿ ತೆಗೆಸಿಕೊಂಡ ‘ಪ್ರೀ ವೆಡ್ಡಿಂಗ್’ ಚಿತ್ರಗಳ ಪಾಡೂ ಇದೇ. ಅಷ್ಟು ದೂರ ಹೋದದ್ದು ಹಸಿರಿಗಾಗಿ, ಆಲ್ಬಮ್ಮಿಗೆ ಬಂದದ್ದು ಒಣಹುಲ್ಲು.

ಹಸಿರನ್ನು ಒಣಗಿಸುವುದೇ ಪಾಪವೆಂದು ಹೇಳುತ್ತಿಲ್ಲ. 2000ದಲ್ಲಿ ಬಂದ ಕೋಯನ್ ಸಹೋದರರ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರದಲ್ಲಿ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಮಾಡಿದ್ದು ಸರಿಯಾಗಿ ಇದನ್ನೇ. ಕಥೆ 1930ರ ದಶಕದ ಆರ್ಥಿಕ ಕುಸಿತದ ಕಾಲದ್ದು, ಅದಕ್ಕೆ ಧೂಳು ಕುಡಿದ ಹಳೆಯ ಪೋಸ್ಟ್‌ಕಾರ್ಡಿನ ಬಣ್ಣ ಬೇಕಿತ್ತು. ಚಿತ್ರೀಕರಣ ನಡೆದ ಮಿಸಿಸಿಪ್ಪಿಯಲ್ಲೋ ಬೇಸಿಗೆಯ ಹಸಿರು ಉಕ್ಕುತ್ತಿತ್ತು. ಕೊನೆಗೆ ಇಡೀ ಚಿತ್ರವನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನ ಮುಂದೆ ವಾರಗಟ್ಟಲೆ ಕೂತು, ಹಸಿರನ್ನು ಒಣ ಹಳದಿಗೆ ತಿರುಗಿಸಿದರು. ಇಡೀ ಚಿತ್ರದ ಬಣ್ಣವನ್ನು ಹೀಗೆ ತಿದ್ದಿದ ಮೊದಲ ಹಾಲಿವುಡ್ ಸಿನಿಮಾಗಳಲ್ಲಿ ಅದೂ ಒಂದು. ಅಲ್ಲಿ ಹಸಿರು ಒಣಗಿದ್ದಕ್ಕೆ ಕಥೆಯಲ್ಲೊಂದು ಕಾರಣವಿತ್ತು, ಒಣಗಿಸಿದವರು ದೃಶ್ಯ ದೃಶ್ಯವನ್ನೂ ನೋಡಿ ಒಣಗಿಸಿದ್ದರು. ಆ ಬಗೆಯ ಬಣ್ಣ ಅಂಕಿಗಳಾಗಿ, ಪೊಟ್ಟಣ ಕಟ್ಟಿಸಿಕೊಂಡು ಮಾರಾಟಕ್ಕೆ ಬಂದಾಗ ಕಾರಣ ಅಲ್ಲೇ ಉಳಿಯುತ್ತದೆ, ಒಣಗಿಸುವ ಕೆಲಸ ಮಾತ್ರ ನಮ್ಮ ಛತ್ರದ ತನಕ ಬರುತ್ತದೆ.

ಆ ಅಂಕಿಗಳು ಯಾರ ಮುಖ ನೋಡಿ ನಿಂತವು ಎಂಬುದನ್ನೂ ಕೇಳಬೇಕು. ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪನಿ ಪ್ರಿಂಟಿಂಗ್ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರವನ್ನು ಕಳಿಸುತ್ತಿತ್ತು. ಅದರಲ್ಲೊಬ್ಬ ಬಿಳಿಯ ಮಹಿಳೆ. ಅವಳ ಮೈಬಣ್ಣ ಸರಿಯಾಗಿ ಬಂದರೆ ಯಂತ್ರ ಸರಿಯಾಗಿದೆ ಎಂದು ಲೆಕ್ಕ. ಲ್ಯಾಬಿನವರು ಅದನ್ನು ‘ಶರ್ಲಿ ಕಾರ್ಡ್’ ಎಂದು ಕರೆಯುತ್ತಿದ್ದರು. ಬೇರೆ ಬೇರೆ ಮೈಬಣ್ಣದವರು ಆ ಕಾರ್ಡಿನಲ್ಲಿ ಸೇರಿಕೊಳ್ಳಲು 1990ರ ದಶಕ ಬರಬೇಕಾಯಿತು. ಇಂದಿನ ಪ್ರೀಸೆಟ್ಟಿಗೆ ಕಾರ್ಡು ಇಲ್ಲ, ಆದರೆ ಕಾಣದ ಶರ್ಲಿಯೊಬ್ಬಳು ಅದರೊಳಗೂ ಕೂತಿರಬಲ್ಲಳು. ಲೈಟ್‌ರೂಂ ಬಣ್ಣಗಳನ್ನು ಎಂಟಾಗಿ ವಿಂಗಡಿಸುತ್ತದೆ, ಮನುಷ್ಯರ ಚರ್ಮವೆಲ್ಲ, ಯಾವ ದೇಶದ್ದೇ ಆಗಲಿ, ಹೆಚ್ಚುಕಡಿಮೆ ಕಿತ್ತಳೆಯ ಖಾನೆಗೆ ಬಂದು ಬೀಳುತ್ತದೆ. ತೆಳುಬಣ್ಣದ ಮುಖ ನೋಡಿಕೊಂಡು ಆ ಖಾನೆಯ ಬೆಳಕನ್ನು ಎತ್ತಿಟ್ಟರೆ ಆ ಮುಖ ಹೊಳೆಯುತ್ತದೆ. ಅದೇ ಅಂಕಿ ಎಣ್ಣೆಗೆಂಪು ಬಣ್ಣದ ಮುಖದ ಮೇಲೆ ಬಿದ್ದರೆ ವಿಭೂತಿ ಸವರಿದಂತೆ ಬೂದಿ ಬೂದಿಯಾಗುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳವರು ಅದನ್ನೂ ‘ಬೆಳ್ಳಗೆ ಬಂದಿದೆ’ ಎಂದು ಮೆಚ್ಚಿಕೊಳ್ಳುತ್ತಾರೆ, ಅದು ಬೇರೆಯೇ ಕಾಯಿಲೆ, ಅದಕ್ಕೆ ಸ್ಲೈಡರಿನಲ್ಲಿ ಮದ್ದಿಲ್ಲ.

ಇಲ್ಲೊಂದು ಗಟ್ಟಿ ಆಕ್ಷೇಪಣೆ ಬರುತ್ತದೆ. ಫಿಲ್ಮ್ ಎಂಬುದೇ ಒಂದು ಪ್ರೀಸೆಟ್ ಆಗಿತ್ತಲ್ಲ? 1935ರಿಂದ 2009ರವರೆಗೆ ಮಾರಾಟದಲ್ಲಿದ್ದ ಕೊಡಾಕ್ರೋಮ್‌ಗೆ ಅದರದೇ ಕೆಂಪು, 1990ರಲ್ಲಿ ಬಂದ ಫ್ಯೂಜಿಯ ವೆಲ್ವಿಯಾಗೆ ಅದರದೇ ಹಸಿರು. ಈಗಲೂ ಕ್ಯಾಮೆರಾದಿಂದ ನೇರ ಬರುವ ಜೆಪೆಗ್‌ಗೆ ತಯಾರಕರ ಬಣ್ಣದ ರುಚಿ ಮೊದಲೇ ಸೇರಿರುತ್ತದೆ. ಫ್ಯೂಜಿ ಕ್ಯಾಮೆರಾಗಳಂತೂ ಹಳೆಯ ಫಿಲ್ಮುಗಳ ಹೆಸರಿನಲ್ಲೇ ಆ ರುಚಿಗಳನ್ನು ಕೊಡುತ್ತವೆ. ಯಾರ ಕೈಯೂ ಸೋಕದ ಚಿತ್ರ ಎಂಬುದು ಎಲ್ಲೂ ಇಲ್ಲ. ಒಪ್ಪಿದೆ. ಆದರೆ ಫಿಲ್ಮ್ ತನ್ನ ಷರತ್ತನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಿಕೊಂಡು ಬರುತ್ತಿತ್ತು. ಇದು ಹಗಲಿನ ಬೆಳಕಿಗೆ, ಇದು ಬಲ್ಬಿನ ಬೆಳಕಿಗೆ, ಇದರ ವೇಗ ಇಷ್ಟು. ಹಗಲಿನ ಫಿಲ್ಮನ್ನು ಬಲ್ಬಿನ ಕೆಳಗೆ ಬಳಸುವವನು ಲೆನ್ಸಿಗೆ 80ಎ ಎಂಬ ನೀಲಿ ಫಿಲ್ಟರ್ ಹಾಕಿಕೊಳ್ಳಬೇಕೆಂದು ತಿಳಿದಿದ್ದ. ವೆಲ್ವಿಯಾ ಮುಖಗಳನ್ನು ಕೆಂಪೇರಿಸುತ್ತದೆಂದು ಗೊತ್ತಿದ್ದವರು ಅದನ್ನು ಬೆಟ್ಟ ಗುಡ್ಡಗಳಿಗೆ ಮೀಸಲಿಟ್ಟು ಮದುವೆಗೆ ಬೇರೆ ರೋಲು ಕೊಳ್ಳುತ್ತಿದ್ದರು. ಫಿಲ್ಮನ್ನು ಆರಿಸುವುದು ಚಿತ್ರ ತೆಗೆಯುವುದಕ್ಕೆ ಮುಂಚೆ. ಆಮೇಲೆ ಬೆಳಕನ್ನು ಅದಕ್ಕೆ ಹೊಂದಿಸಿಕೊಳ್ಳುವ ಭಾರ ತೆಗೆಯುವವನ ಮೇಲಿರುತ್ತಿತ್ತು. ಕೊಂಡ ಪ್ರೀಸೆಟ್ ಎಲ್ಲ ಮುಗಿದ ಮೇಲೆ ಬರುತ್ತದೆ, ಷರತ್ತಿನ ಚೀಟಿ ಇಲ್ಲದೆ ಬರುತ್ತದೆ.

ಇನ್ನೊಂದು ಆಕ್ಷೇಪಣೆ ಹೊಟ್ಟೆಪಾಡಿನದು, ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ವರಪೂಜೆಯಿಂದ ಬೀಗರೂಟದವರೆಗೆ ಎರಡು ಸಾವಿರ ಚಿತ್ರ ಆರಿಸಿದರೆ, ಒಂದೊಂದಕ್ಕೆ ಒಂದು ನಿಮಿಷ ಕೊಟ್ಟರೂ ಮೂವತ್ತಮೂರು ಗಂಟೆ ದಾಟುತ್ತದೆ. ಅಷ್ಟರಲ್ಲಿ ಇನ್ನೊಂದು ಮದುವೆ ಬಂದಿರುತ್ತದೆ. ಹೀಗಿರುವಾಗ ಒಲೆಯ ಮುಂದೆ ನಿಂತು ಉಪ್ಪು ನೋಡಿ ಎಂದರೆ ಯಾರಿಗೆ ಬೇಕು? ಆದರೆ ಬೆಳಕು ಎರಡು ಸಾವಿರ ಬಗೆಯದ್ದಲ್ಲ. ಛತ್ರದೊಳಗಿನ ಎಲ್‌ಇಡಿ ಒಂದು, ಅಂಗಳದ ಬಿಸಿಲು ಒಂದು, ಕಿಟಕಿ ಪಕ್ಕದ ಅಲಂಕಾರದ ಕೋಣೆ ಒಂದು, ರಾತ್ರಿ ಆರತಕ್ಷತೆಯ ವೇದಿಕೆಯಲ್ಲಿ ಹುಚ್ಚುಹುಚ್ಚಾಗಿ ಬಣ್ಣ ಬದಲಿಸುವ ದೀಪ ಒಂದು. ಒಂದೊಂದು ಬೆಳಕಿನಿಂದ ಒಂದು ಚಿತ್ರ ಆರಿಸಿ ನಿಧಾನವಾಗಿ ತಿದ್ದಿ, ಅದೇ ಬೆಳಕಿನ ಉಳಿದ ಚಿತ್ರಗಳಿಗೆ ಆ ಅಳತೆಯನ್ನು ಸಿಂಕ್ ಮಾಡಿದರೆ ಹೆಚ್ಚಿನ ಕೆಲಸ ಮುಗಿಯಿತು. ಹೀಗೆ ಸಿಂಕ್ ಮಾಡುವುದೂ ಪ್ರೀಸೆಟ್ ಅಲ್ಲವೇ ಎಂದರೆ, ಹೌದು. ಆದರೆ ಅದು ಅದೇ ಬೆಳಕನ್ನು ನೋಡಿ ಹುಟ್ಟಿದ ಪ್ರೀಸೆಟ್, ಅದೇ ದಿನ ಸಾಯುವಂಥದ್ದು. ಆ ಕೊನೆಯ ವೇದಿಕೆಯ ದೀಪಕ್ಕೆ ಮಾತ್ರ ಯಾವ ಉಪಾಯವೂ ಇಲ್ಲ, ಒಂದೊಂದಾಗಿಯೇ ನೋಡಬೇಕು.

ಕಲಿಯುವವರಿಗೆ ಪ್ರೀಸೆಟ್ ಗುರುವಿನಂತೆ ಎನ್ನುವ ಮಾತಿನಲ್ಲಿ ಅರ್ಧ ನಿಜವಿದೆ. ಲೈಟ್‌ರೂಮಿನಲ್ಲಿ ಪ್ರೀಸೆಟ್ ಹಚ್ಚಿದಾಗ ಸ್ಲೈಡರುಗಳು ಕಣ್ಣೆದುರೇ ಸರಿದಿರುತ್ತವೆ. ಒಂದೊಂದನ್ನೇ ಸೊನ್ನೆಗೆ ತಂದು ಏನು ಬದಲಾಯಿತೆಂದು ನೋಡುವವನಿಗೆ ಅದು ಪಾಠ, ಹಚ್ಚಿ ಮುಂದೆ ಹೋಗುವವನಿಗೆ ಬರೀ ಮಂತ್ರ. ಇನ್ಸ್ಟಾಗ್ರಾಂ 2010ರಲ್ಲಿ ಬಂದಾಗ ಕೊಟ್ಟ ಫಿಲ್ಟರುಗಳಲ್ಲಿ ಒಳಗೇನಿದೆ ಎಂದು ಇಣುಕುವ ಕಿಂಡಿಯೇ ಇರಲಿಲ್ಲ. ಇನ್ನು 2022ರಿಂದ ಲೈಟ್‌ರೂಮಿನಲ್ಲಿ ಆಕಾಶ ಯಾವುದು, ಮನುಷ್ಯ ಯಾರು ಎಂದು ಗುರುತಿಸಿ ಆಯಾ ಭಾಗಕ್ಕೆ ಮಾತ್ರ ಹಚ್ಚಿಕೊಳ್ಳುವ ಪ್ರೀಸೆಟ್ಟುಗಳು ಬಂದಿವೆ. ಕುರುಡು ಪ್ರೀಸೆಟ್ಟಿಗೆ ಕಣ್ಣು ಬಂತಲ್ಲ, ಇನ್ನೇನು ತಕರಾರು ಎಂದು ಕೇಳಬಹುದು. ಅದು ಆಕಾಶವನ್ನು ಗುರುತಿಸುತ್ತದೆ, ನಿಜ. ಆದರೆ ಬೆಳ್ಳಗೆ ಬೋಳಾದ ಆ ಆಕಾಶ ತೆಗೆದವನ ಎಡವಟ್ಟೋ ಅಥವಾ ಆಷಾಢದ ಮೋಡವನ್ನು ಇದ್ದಹಾಗೆ ಹಿಡಿದದ್ದೋ ಎಂದು ಅದಕ್ಕೆ ಹೇಳುವವರು ಯಾರು?

ಪ್ರೀಸೆಟ್ ಇದ್ದರೆ ತಾನೇ ಶೈಲಿ ನಿಲ್ಲುವುದು, ಹತ್ತು ಚಿತ್ರ ನೋಡಿದವರು ಇದು ಇಂಥವನದ್ದು ಎನ್ನಬೇಡವೇ ಎಂಬ ಮಾತೂ ಇದೆ. ಆದರೆ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್‌ನನ್ನು ನೋಡಿ. ಅವನು 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏರಿದ್ದನ್ನು ಒಂದೇ ನೆಗೆಟಿವ್ ಮೇಲೆ ಹಿಡಿದ. ಮುಂದಿನ ದಶಕಗಳಲ್ಲಿ ಆ ಒಂದು ನೆಗೆಟಿವ್‌ನಿಂದ ನೂರಾರು ಪ್ರಿಂಟುಗಳನ್ನು ತನ್ನ ಕೈಯಾರೆ ಮಾಡಿದ. ಯಾವ ಭಾಗಕ್ಕೆ ಎಷ್ಟು ಬೆಳಕು ಕೊಡಬೇಕೆಂಬ ಟಿಪ್ಪಣಿ ಇಟ್ಟುಕೊಳ್ಳುವ ಮನುಷ್ಯ ಅವನು. ಆದರೂ ಮೊದಮೊದಲ ಪ್ರಿಂಟುಗಳಲ್ಲಿ ಮೋಡದ ಎಳೆಗಳಿರುವ ಬೂದು ಆಕಾಶ ವರ್ಷ ಕಳೆದಂತೆ ಕಪ್ಪಾಗುತ್ತಾ ಹೋಗಿ, ಕೊನೆಕೊನೆಯವುಗಳಲ್ಲಿ ಚಂದ್ರನ ಸುತ್ತ ಕಡುಗಪ್ಪೇ ಉಳಿಯಿತು. ಪಿಯಾನೋ ಕಲಿತಿದ್ದ ಆಡಮ್ಸ್ ನೆಗೆಟಿವ್ವನ್ನು ಸ್ವರಲಿಪಿಗೆ, ಪ್ರಿಂಟನ್ನು ಕಛೇರಿಗೆ ಹೋಲಿಸುತ್ತಿದ್ದ. ಅಂಕಿ ಬದಲಾದರೂ ಅವನ ಚಿತ್ರ ಯಾರದೆಂದು ಯಾರಿಗೂ ಅನುಮಾನ ಬರಲಿಲ್ಲ.

ಲೈಟ್‌ರೂಮಿನಲ್ಲಿ ಹೊಸ ಪ್ರೀಸೆಟ್ ಉಳಿಸಲು ಹೊರಟಾಗ ಒಂದು ಕಿಟಕಿ ತೆರೆದುಕೊಳ್ಳುತ್ತದೆ. ಅದರ ತುಂಬ ಸಣ್ಣ ಸಣ್ಣ ಚೌಕಗಳು, ಯಾವ ಯಾವ ಅಳತೆಯನ್ನು ಸೇರಿಸಲಿ ಎಂದು ಪ್ರಶ್ನೆ. ಲೆನ್ಸಿನ ಸೊಟ್ಟ ತಿದ್ದುವುದು, ಶಾರ್ಪ್‌ನೆಸ್, ನಿಮಗೆ ಒಗ್ಗಿದ ಕರ್ವಿನ ಬಾಗು, ಇವಕ್ಕೆ ಧಾರಾಳವಾಗಿ ಟಿಕ್ ಹಾಕಬಹುದು, ಅವು ಡಬ್ಬಿಯಲ್ಲಿ ಕೆಡದ ಸಾಮಾನು. ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸಿನ ಎದುರಿನ ಚೌಕ ಖಾಲಿ ಇರಲಿ, ಅವನ್ನು ಆಯಾ ಚಿತ್ರ ನೋಡಿ ಮೊದಲು ಸರಿಪಡಿಸಿಕೊಂಡರೆ ಕರ್ವೂ ತನ್ನ ಜಾಗದಲ್ಲೇ ಕೂರುತ್ತದೆ. ಹಸಿರು, ಹಳದಿ, ಕಿತ್ತಳೆಯ ಚೌಕಕ್ಕೆ ಟಿಕ್ ಹಾಕುವ ಮುಂಚೆ ಎರಡು ಸಲ ಯೋಚಿಸುವುದು ಒಳ್ಳೆಯದು. ಆ ಕಿಟಕಿಯ ತುದಿಯಲ್ಲಿ ಹೆಸರು ಬರೆಯಲು ಒಂದು ಖಾನೆಯಿದೆ. ಅಂಗಡಿಯ ಪ್ರೀಸೆಟ್ಟುಗಳಿಗೆ ಕನಸು, ಕಾಫಿ, ಚಿನ್ನ, ಕಾಡು ಎಂಬಂಥ ಹೆಸರುಗಳೇ ಹೆಚ್ಚು. ಹಳೆಯ ಫಿಲ್ಮ್ ಡಬ್ಬಿಯ ಹಾಗೆ ಅಲ್ಲಿ ಷರತ್ತನ್ನು ಬರೆಯಬಹುದು: ‘ಛತ್ರ, ಎಲ್‌ಇಡಿ, ಅರಿಶಿನ ಇದೆ’, ‘ಮಳೆಗಾಲ, ಮೋಡ, ಹಸಿರು ಮುಟ್ಟಿಲ್ಲ’.