ಅಪ್ಪ ಪ್ಲಗ್ ತೆಗೆದಿರಲಿಲ್ಲ

ಗುಡುಗಿನ ಸದ್ದು ಕೇಳಿದರೆ ನಮ್ಮ ಮನೆಯಲ್ಲಿ ಮೊದಲು ಏಳುವವನು ಅಪ್ಪ. ಟಿವಿ, ಫ್ರಿಜ್, ಈಗೀಗ ವೈಫೈ ಡಬ್ಬಿ, ಒಂದೊಂದರ ಪ್ಲಗ್ಗನ್ನೂ ಕಿತ್ತು ಕೆಳಗೆ ಇಳಿಬಿಟ್ಟ ಮೇಲೇ ಅವನಿಗೆ ಸಮಾಧಾನ. ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸಿಡಿಲಿಗೆ ನಮ್ಮ ಟಿವಿ ಸುಟ್ಟುಹೋಗಿತ್ತು. ಅವತ್ತಿನಿಂದ ಶುರುವಾದ ಅಭ್ಯಾಸ.

ಕಳೆದ ಮೇ ತಿಂಗಳಲ್ಲಿ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. ನಾನು ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಒಂದು ತಿಂಗಳಿಗೆ ಊರಿಗೆ ಬಂದೆ. ನನ್ನದು ಸಂಬಳದ ಲೆಕ್ಕ ಮಾಡುವ ಕೆಲಸ. ಎಲ್ಲಿ ಕೂತು ಮಾಡಿದರೂ ನಡೆಯುತ್ತೆ, ನೆಟ್ ಒಂದಿರಬೇಕು ಅಷ್ಟೆ. ಮನೆಗೆ ಫೈಬರ್ ಬಂದಿತ್ತು. ಮೊಬೈಲ್ ಸಿಗ್ನಲ್ ಮಾತ್ರ ಅಂಗಳದ ಮೂಲೆಯಲ್ಲಿ, ಅಡಿಕೆ ಒಣಗಿಸುವ ಚಪ್ಪರದ ಕಂಬದ ಹತ್ತಿರ. ಓಟಿಪಿ ಬರಬೇಕಲ್ಲ, ಹಾಗಾಗಿ ನನ್ನ ಫೋನ್ ಹಗಲೆಲ್ಲ ಅಲ್ಲೇ ಇರುತ್ತಿತ್ತು.

ಅಮ್ಮನಿಗೆ ಎರಡು ತರದ ಡ್ರಾಪ್ಸ್. ಒಂದು ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು. ದಿನಕ್ಕೆ ನಾಲ್ಕು ಸಲ. ಅಲಾರಂ ಹೊಡೆದಾಗ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗುತ್ತಿದ್ದೆ. ವಾಪಸ್ ಬಂದು ತೆರೆದರೆ ನೆಟ್ ಇಲ್ಲ! ದಿನಾ ಅಲ್ಲ, ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ. ನಾನು ಎದ್ದು ಹೋಗಿ ವೈಫೈ ಡಬ್ಬಿ ಆಫ್ ಮಾಡಿ ಆನ್ ಮಾಡುತ್ತಿದ್ದೆ, ಜೊತೆಗೆ ಲ್ಯಾಪ್‌ಟಾಪನ್ನೂ ರೀಸ್ಟಾರ್ಟ್ ಮಾಡುತ್ತಿದ್ದೆ. ನೆಟ್ ಬರುತ್ತಿತ್ತು. ಎರಡು ಮದ್ದು ಒಟ್ಟಿಗೆ ಕೊಟ್ಟರೆ ಯಾವುದರಿಂದ ಗುಣವಾಯ್ತು ಅಂತ ಹೇಗೆ ಗೊತ್ತಾಗಬೇಕು? ತಪ್ಪು ಡಬ್ಬಿಯದೇ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಡಬ್ಬಿಯ ಪ್ಲಗ್ ತೆಗೆಯುವವನು ಮನೆಯಲ್ಲಿ ಒಬ್ಬನೇ.

ಮೇ 28. ಸಂಜೆ ಐದರೊಳಗೆ ಸಂಬಳದ ಫೈಲ್ ಬ್ಯಾಂಕಿಗೆ ಹೋಗಬೇಕು. ನಾಲ್ಕಕ್ಕೆ ಡ್ರಾಪ್ಸ್ ಹಾಕಿ ಬಂದೆ. ಹೊರಗೆ ಗುಡುಗು ಶುರುವಾಗಿತ್ತು. ಲ್ಯಾಪ್‌ಟಾಪ್ ತೆರೆದೆ. ನೆಟ್ ಇಲ್ಲ.

"ಅಪ್ಪಾ, ಎಷ್ಟ್ ಸಲ ಹೇಳ್ಬೇಕು ನಿಂಗೆ? ನೂರ ನಲವತ್ತು ಜನರ ಸಂಬಳ ಇದು! ನಿನ್ನ ಒಂದು ಡಬ್ಬಿ ಸುಟ್ಟುಹೋದ್ರೆ ನಾನು ಹತ್ತು ತಂದುಕೊಡ್ತೀನಿ!"

ಅಪ್ಪ ಜಗಲಿಯಿಂದ ಎದ್ದು ಬಂದ. ಏನೋ ಹೇಳಲು ಬಾಯಿ ತೆರೆದವನು ಸುಮ್ಮನಾದ. ನಾನು ಅವನ ಮುಖವನ್ನೂ ಸರಿಯಾಗಿ ನೋಡದೆ ಡಬ್ಬಿಯ ಸ್ವಿಚ್ ಒತ್ತಿ ತೆಗೆದು, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದೆ. ನಾಲ್ಕು ಐವತ್ತಕ್ಕೆ ಫೈಲ್ ಹೋಯ್ತು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮಜ್ಜಿಗೆ ಬೇಕು ಅಂತಲೂ ಕೇಳಲಿಲ್ಲ. ಉಂಡು ಎದ್ದುಹೋದ.

ಮರುದಿನ ಬೆಳಿಗ್ಗೆ ಫಳಫಳ ಬಿಸಿಲು. ಡ್ರಾಪ್ಸ್ ಹಾಕಿ ಬಂದು ತೆರೆದರೆ ಮತ್ತೆ ನೆಟ್ ಇಲ್ಲ. ಅಪ್ಪ ತೋಟಕ್ಕೆ ಹೋಗಿದ್ದ. ಗುಡುಗಿಲ್ಲ, ಕರೆಂಟೂ ಇದೆ. ಒಳಗಿನ ಕೋಣೆಯಿಂದ ಚೆಂಡೆ ಸದ್ದು. ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದ ಅಮ್ಮ ತನ್ನ ಫೋನಿನಲ್ಲಿ ಯಕ್ಷಗಾನ ಕೇಳುತ್ತಿದ್ದಳು.

"ಅಮ್ಮಾ, ಅದು ಡೌನ್‌ಲೋಡ್ ಮಾಡಿಟ್ಟಿದ್ದಾ?"

"ಎಂತ ಡೌನ್‌ಲೋಡೋ, ನಂಗೊತ್ತಿಲ್ಲ. ವೈಫೈಯಲ್ಲಿ ಬರ್ತಾ ಇದೆಯಲ್ಲ. ನಿನ್ನೆ ನೀನು ಕೂಗಾಡೋವಾಗ್ಲೂ ಬರ್ತಾ ಇತ್ತು."

ನಾನು ಬಾಗಿಲಲ್ಲೇ ನಿಂತೆ.

"ಮತ್ತೆ ಹೇಳ್ಲಿಲ್ಲ ಯಾಕೆ?"

"ನೀನು ಕೇಳೋ ಹಾಗಿದ್ಯೇನೇ? ನೀನು ಬಂದ ಮೇಲೆ ಅವರು ಒಂದು ದಿನಾನೂ ಆ ಪ್ಲಗ್ ತೆಗ್ದಿಲ್ಲ ಮಾರಾಯ್ತಿ. ಗುಡುಗು ಶುರುವಾದ್ರೆ ಸ್ವಿಚ್ಚಿನ ಹತ್ರದ ಕಿಟಕಿ ಪಕ್ಕ ಕೂತ್ಕೊಂಡು ಆಕಾಶ ನೋಡ್ತಾ ಇರ್ತಾರೆ. ತೀರಾ ಹತ್ರ ಬಂದ್ರೆ ನಿಂಗೆ ಹೇಳಿ ತೆಗೆಯೋಣ ಅಂತ."

ತಪ್ಪು ಡಬ್ಬಿಯದಲ್ಲ, ಅಪ್ಪನದಲ್ಲ, ನನ್ನ ಲ್ಯಾಪ್‌ಟಾಪಿನದು. ಅವತ್ತು ಮಧ್ಯಾಹ್ನ ಕೂತು ಹುಡುಕಿದೆ. ಲ್ಯಾಪ್‌ಟಾಪ್ ಮುಚ್ಚಿದಾಗ ಅದು ನಿದ್ದೆಗೆ ಹೋಗುತ್ತೆ. ತೆರೆದಿಟ್ಟ ಕೆಲಸವೆಲ್ಲ ಮೆಮೊರಿಯಲ್ಲಿ ಉಳಿಯಲು ಬೇಕಾದಷ್ಟು ಕರೆಂಟ್ ಬಿಟ್ಟು, ಉಳಿದ ಭಾಗಗಳನ್ನು ಆದಷ್ಟು ಮಲಗಿಸುತ್ತೆ. ವೈಫೈ ಕಾರ್ಡೂ ಹಾಗೇ ಮಲಗುತ್ತೆ. ತೆರೆದಾಗ ಒಂದೊಂದನ್ನೇ ಎಬ್ಬಿಸುವುದು ಡ್ರೈವರ್ ಅನ್ನುವ ತಂತ್ರಾಂಶದ ಕೆಲಸ. ಕೆಲವೊಮ್ಮೆ ಕಾರ್ಡ್ ಏಳುವುದಿಲ್ಲ. ಪರದೆಯ ಮೂಲೆಯ ವೈಫೈ ಗುರುತೇ ಮಾಯವಾಗುತ್ತೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರಿನ ಮೇಲೆ ಹಳದಿ ತ್ರಿಕೋನ ಕಾಣಿಸುತ್ತೆ. ನನ್ನದರಲ್ಲಿ ಎರಡೂ ಇತ್ತು. ಇಷ್ಟು ದಿನ ನಾನು ನೋಡಿರಲೇ ಇಲ್ಲ.

ನಿಮಗೂ ಹೀಗಾದರೆ ಮೊದಲು ಅದೇ ವೈಫೈಯಲ್ಲಿ ಇನ್ನೊಂದು ಫೋನಿಗೆ ನೆಟ್ ಬರುತ್ತಿದೆಯಾ ನೋಡಿ. ಬರುತ್ತಿದ್ದರೆ ಡಬ್ಬಿಯನ್ನು ಮುಟ್ಟಲೇಬೇಡಿ. ಆಮೇಲೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅನ್ನುವ ಸೌಲಭ್ಯ ಆನ್ ಇದ್ದರೆ, ಶಟ್‌ಡೌನ್ ಮಾಡುವಾಗ ವ್ಯವಸ್ಥೆಯ ಒಂದು ಭಾಗ ಡಿಸ್ಕಿನಲ್ಲಿ ಹಾಗೇ ಉಳಿದು, ಮತ್ತೆ ಆನ್ ಮಾಡಿದಾಗ ಅದೇ ವಾಪಸ್ ಬರುತ್ತೆ. ಎಲ್ಲವೂ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್‌ನಲ್ಲಿ.

ಪದೇ ಪದೇ ಆಗುತ್ತಿದ್ದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿವೈಸ್ ಮ್ಯಾನೇಜರ್, ನೆಟ್‌ವರ್ಕ್ ಅಡಾಪ್ಟರ್ಸ್, ನಿಮ್ಮ ವೈಫೈ ಕಾರ್ಡ್, ಪ್ರಾಪರ್ಟೀಸ್, ಪವರ್ ಮ್ಯಾನೇಜ್‌ಮೆಂಟ್, ಹೀಗೆ ಒಂದೊಂದಾಗಿ ಹೋಗಿ. ಕರೆಂಟ್ ಉಳಿಸಲು ಈ ಕಾರ್ಡನ್ನು ಕಂಪ್ಯೂಟರ್ ಆಫ್ ಮಾಡಬಹುದು ಅನ್ನುವ ಸಾಲಿನ ಮುಂದಿನ ಟಿಕ್ ತೆಗೆಯಿರಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಪುಟವೇ ಇರಲ್ಲ. ಆಗ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಸೈಟಿನಿಂದ ನಿಮ್ಮ ಮಾಡೆಲ್‌ಗೆ ಸರಿಯಾದ ಡ್ರೈವರ್ ಹಾಕಿಕೊಳ್ಳಿ. ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದ್ದರೆ, ಅಲ್ಲೇ ಡ್ರೈವರ್ ಪುಟದಲ್ಲಿ ಹಳೆಯದಕ್ಕೆ ಹಿಂದಿರುಗುವ ಬಟನ್ ಇರುತ್ತೆ. ಯಾವುದಕ್ಕೂ ಬಗ್ಗದಿದ್ದರೆ ಕಾರ್ಡೇ ಕೆಟ್ಟಿರಬಹುದು, ರಿಪೇರಿಯವರಿಗೆ ತೋರಿಸಿ. ಅರ್ಜೆಂಟ್ ಇದ್ದಾಗ ಫೋನನ್ನು ಯುಎಸ್‌ಬಿ ಕೇಬಲಿನಲ್ಲಿ ಸಿಕ್ಕಿಸಿ, ಟೆದರಿಂಗ್ ಆನ್ ಮಾಡಿದರೆ ಕೆಲಸ ಸಾಗುತ್ತೆ. ಫೋನಿಗೆ ಬರುತ್ತಿರುವ ವೈಫೈಯನ್ನೇ ಹೀಗೆ ಹಂಚುವ ಫೋನುಗಳೂ ಇವೆ.

ನನ್ನದು ಟಿಕ್ ತೆಗೆದು, ಡ್ರೈವರ್ ಬದಲಿಸಿದ ಮೇಲೆ ಸರಿಹೋಯ್ತು. ಅರ್ಧ ಗಂಟೆಯ ಕೆಲಸ.

ಅಪ್ಪನ ಹತ್ತಿರ ಹೋಗುವುದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಅವನು ಕೊಟ್ಟಿಗೆಯ ಹತ್ತಿರ ಕತ್ತಿ ಮಸೆಯುತ್ತಿದ್ದ. "ಅಪ್ಪಾ, ನಿನ್ನೆ ನೀನು ಪ್ಲಗ್ ತೆಗ್ದಿರ್ಲಿಲ್ಲ ಅಂತೆ. ನನ್ನ ಲ್ಯಾಪ್‌ಟಾಪೇ ಹಾಳಾಗಿತ್ತು. ತಪ್ಪಾಯ್ತು" ಅಂದೆ. ಅವನು ಕತ್ತಿಯ ಬಾಯಿಯನ್ನು ಹೆಬ್ಬೆರಳಲ್ಲಿ ಸವರಿ ನೋಡಿದ. "ಸರಿ ಆಯ್ತಾ ಈಗ?" ಅಂದ. "ಆಯ್ತು." "ಹಾಂ, ಮತ್ತೆಂತ" ಅಂತ ಮಸೆಯುವುದನ್ನು ಮುಂದುವರಿಸಿದ.

ಆಫೀಸಿನಲ್ಲಿ ಒಂದು ಲೆಕ್ಕ ತಾಳೆಯಾಗದಿದ್ದರೆ ನಾನು ಯಾರನ್ನೂ ಬೈಯುವುದಿಲ್ಲ. ಮೊದಲು ನನ್ನ ಶೀಟನ್ನೇ ನೋಡಿಕೊಳ್ಳುತ್ತೇನೆ. ಮನೆಗೆ ಬಂದಾಗ ಆ ತಾಳ್ಮೆ ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ಮನೆಯವರು ತಿರುಗಿ ಮಾತಾಡಲ್ಲ ಅನ್ನುವ ಧೈರ್ಯ ಇರಬೇಕು.

ಆಮೇಲೆ ಒಂದು ಒಪ್ಪಂದ ಮಾಡಿಕೊಂಡೆವು. ಮುಖ್ಯವಾದ ಕೆಲಸವನ್ನೆಲ್ಲ ನಾನು ಮಧ್ಯಾಹ್ನದೊಳಗೆ ಮುಗಿಸಬೇಕು. ಸಂಜೆ ಗುಡುಗಿದರೆ ಅಪ್ಪ ಪ್ಲಗ್ ತೆಗೆಯಬೇಕು. ಫೈಬರ್ ತಂತಿಯಲ್ಲಿ ಕರೆಂಟ್ ಹರಿಯದಿದ್ದರೂ ಡಬ್ಬಿಗೆ ಹೋಗುವ ವೈರಿನಲ್ಲಿ ಹರಿಯುತ್ತದಲ್ಲ, ಅವನ ಹೆದರಿಕೆ ಸುಳ್ಳೇನೂ ಅಲ್ಲ. ಎರಡು ದಿನ ಬಿಟ್ಟು ಗುಡ್ಡದ ಆಚೆ ಸಣ್ಣಗೆ ಗುಡುಗಿತು. ಕಿಟಕಿಯ ಹತ್ತಿರದಿಂದ ಅಪ್ಪನ ದನಿ ಬಂತು.

"ಮಗಾ, ತೆಗೀಲಾ?"

ಲ್ಯಾಪ್‌ಟಾಪ್ ಮುಚ್ಚಿ, "ತೆಗಿ ಅಪ್ಪಾ" ಅಂದೆ. ಅವನ ಪಕ್ಕ ಹೋಗಿ ಕೂತೆ.