ಲಾರಿ ಬಿಡಿಭಾಗ, ಸಾರಿಗೆ ಖಾತೆ

ನಾನು ಮಿಸ್ಸಿಸ್ಸಾಗಾದಲ್ಲಿ ಮನೆ ಮಾಡಿದಾಗ ನಮ್ಮ ಎಂಪಿಪಿ (ಒಂಟಾರಿಯೊದಲ್ಲಿ ಶಾಸಕರಿಗೆ ಹಾಗನ್ನುತ್ತಾರೆ) ಹರಿಂದರ್ ತಖರ್. ಪಂಜಾಬಿನಲ್ಲಿ ಹುಟ್ಟಿದವರು, ಇಲ್ಲಿ ಬಂದು ಚಾಲ್ಮರ್ಸ್ ಅನ್ನೋ ಕಂಪನಿ ಸಮೂಹದ ಮುಖ್ಯಸ್ಥರಾದವರು. 2003ರ ಅಕ್ಟೋಬರಿನಲ್ಲಿ ಲಿಬರಲ್ ಪಕ್ಷದಿಂದ ಮೊದಲ ಸಲ ಗೆದ್ದರು, ಅದೇ ತಿಂಗಳು ಸಾರಿಗೆ ಸಚಿವರಾದರು. ನಮ್ಮ ದೇಸಿ ಬಳಗದಲ್ಲಿ ಅವರ ಹೆಸರು ಬಂದರೆ ಎಲ್ಲರ ಎದೆಯೂ ಒಂಚೂರು ಉಬ್ಬುತ್ತಿತ್ತು, ನನ್ನದೂ ಸೇರಿ.

ತೊಡಕು ಏನಪ್ಪಾ ಅಂದ್ರೆ, ಚಾಲ್ಮರ್ಸ್ ಮಾಡೋದು ದೊಡ್ಡ ಲಾರಿಗಳ ಸಸ್ಪೆನ್ಷನ್. ರಸ್ತೆ ಮೇಲಿನ ಲಾರಿಗಳಿಗೆ ನಿಯಮ ಬರೆಯೋ ಖಾತೆ, ಅವುಗಳ ಬಿಡಿಭಾಗ ಮಾಡೋ ಮನೆತನ! ಇಂಥದ್ದಕ್ಕೇ ಅಲ್ಲಿ ಒಂದು ಕಾನೂನಿದೆ. ಮಂತ್ರಿಯಾದವರು ವ್ಯವಹಾರ ನಡೆಸೋ ಹಾಗಿಲ್ಲ. ತಮಗೆ ಸಂಬಂಧವಿಲ್ಲದ ಟ್ರಸ್ಟಿಯ ಕೈಗೆ ಅದನ್ನು ಕೊಟ್ಟು ದೂರ ನಿಲ್ಲಬೇಕು. ತಖರ್ ಟ್ರಸ್ಟಿಯನ್ನು ನೇಮಿಸಿದ್ದರು, ಸರಿ. ಆದರೆ ಆ ಟ್ರಸ್ಟಿಯೇ ಅವರ ಕ್ಷೇತ್ರದ ಪಕ್ಷದ ಘಟಕಕ್ಕೆ ಹಣಕಾಸು ನೋಡಿಕೊಳ್ಳುವವರು. ಕಂಪನಿ ನಡೆಸುತ್ತಿದ್ದವರು ಹೆಂಡತಿ. 2005ರಲ್ಲಿ ಸಚಿವರು ಆ ಕಂಪನಿಯ ಕಚೇರಿಗೆ ಹೋಗಿದ್ದು ಗೊತ್ತಾಗಿ ವಿರೋಧ ಪಕ್ಷ ಹಿಡಿದುಕೊಂಡಿತು. ಮನೆ ವಿಷಯ ಮಾತಾಡೋಕೆ ಹೆಂಡತೀನ ನೋಡಲು ಹೋಗಿದ್ದೆ ಅಂತ ಅವರ ಉತ್ತರ.

2006ರ ಜನವರಿಯಲ್ಲಿ ಇಂಟೆಗ್ರಿಟಿ ಕಮಿಷನರ್ ಕೌಲ್ಟರ್ ಆಸ್ಬೋರ್ನ್ ವರದಿ ಕೊಟ್ಟರು: ಕಾನೂನು ಮುರಿದಿದ್ದಾರೆ. ಇಲಾಖೆಯಿಂದ ಕಂಪನಿಗೆ ದುಡ್ಡು ಹರಿಯಿತು ಅನ್ನೋದಲ್ಲ ತೀರ್ಪು. ಟ್ರಸ್ಟಿಗೂ ಸಚಿವರಿಗೂ ಇರಬೇಕಾದ ದೂರ ಇರಲಿಲ್ಲ ಅಂತ. ಶಿಕ್ಷೆ? ಒಂದು ಛೀಮಾರಿ, ಅಷ್ಟೇ. ಪ್ರೀಮಿಯರ್ ಮೆಕ್‌ಗಿಂಟಿ ಅವರನ್ನು ಸಂಪುಟದಿಂದ ಕೈಬಿಡಲಿಲ್ಲ. ಮೇ ತಿಂಗಳಲ್ಲಿ ಖಾತೆ ಬದಲಾಯಿತು, ಸಣ್ಣ ಉದ್ಯಮ ಅಂತೆ.

ದಾವಣಗೆರೆಯಲ್ಲಿರೋ ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಅಲ್ಲೋ, ದುಡ್ಡು ಹೊಡೆದಿಲ್ಲ ಅಂತೀಯ. ಹೆಂಡ್ತಿ ಕಂಪನಿ ನೋಡ್ಕೊಂಡ್ರೆ ಏನೋ ತಪ್ಪು?"

"ಅಪ್ಪಾಜಿ, ರಾತ್ರಿ ಊಟಕ್ಕೆ ಇಬ್ರೂ ಒಂದೇ ಟೇಬಲ್ಲಿಗೆ ಕೂರ್ತಾರಲ್ಲ!"

"ಹಂಗಂದ್ರೆ ನಮ್ಮ ಕಡೆ ಮಂತ್ರಿ ಮಾಡಕ್ಕೆ ಯಾರು ಸಿಗ್ತಾರೋ?" ಅಂತ ನಕ್ಕರು. ನನಗೆ ನಗು ಬರಲಿಲ್ಲ. ನಾನು ಬ್ಯಾಂಕೊಂದರ ಸಾಫ್ಟ್‌ವೇರ್ ವಿಭಾಗದಲ್ಲಿರೋ ಸಾಮಾನ್ಯ ನೌಕರ. ಆದರೂ ಹೆಂಡತಿಯ ಶೇರುಗಳನ್ನೂ ಸೇರಿಸಿ ವರ್ಷವರ್ಷ ಘೋಷಣೆ ಬರೆದುಕೊಡ್ತೀನಿ. ಮಂತ್ರಿಗೆ ಛೀಮಾರಿ ಸಾಕು ಅನ್ನೋದನ್ನು ಒಪ್ಪೋಕೆ ನನಗಾಗಲ್ಲ. "ನಮ್ಮೋನು ಅಂತ ಹಿಡಿದ್ರು" ಅಂತ ಗೊಣಗುವ ಗೆಳೆಯರ ಜೊತೆ ಇವತ್ತಿಗೂ ಜಗಳ ಇದೆ. ನಮ್ಮೋನು ಅಂತ ಹೆಮ್ಮೆಪಟ್ಟ ಮೇಲೆ ಪ್ರಶ್ನೆ ಕೇಳೋದೂ ನಮ್ಮ ಪಾಲಿನದ್ದೇ ಅಲ್ವಾ?

ಮತದಾರರು ನನ್ನ ಹಾಗೆ ಯೋಚಿಸಲಿಲ್ಲ ಅನ್ನಿ. 2007, 2011, 2014, ಮೂರೂ ಸಲ ಮಿಸ್ಸಿಸ್ಸಾಗಾ–ಎರಿಂಡೇಲ್‌ನಿಂದ ಗೆಲ್ಲಿಸಿದರು. 2013ರಲ್ಲಿ ಪಕ್ಷದ ನಾಯಕತ್ವಕ್ಕೂ ಸ್ಪರ್ಧಿಸಿ ಸೋತರು, ಗೆದ್ದದ್ದು ಕ್ಯಾಥ್ಲೀನ್ ವಿನ್. 2018ರಲ್ಲಿ ಅವರು ಮತ್ತೆ ನಿಲ್ಲಲಿಲ್ಲ.