ನೂರರೊಳಗೊಬ್ಬರು

ನೂರು ಜನರ ನಡುವೆ ಒಂಟಿಯಾಗಿರುವುದೂ ಒಂದು ಸುಖವೆಂದರೆ ಲೋಕ ನಂಬಲಾರದು. ಮೈಸೂರಿನ ಗೃಹಸ್ಥರೊಬ್ಬರು ಮಾತ್ರ ಪ್ರತಿರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಆ ಸುಖವನ್ನು ತಪ್ಪದೆ ಅನುಭವಿಸುತ್ತಾರೆ. ಹಗಲಿನಲ್ಲಿ ಅವರು ಬ್ಯಾಂಕಿನ ಕ್ಯಾಷಿಯರ್, ರಾತ್ರಿ ಬಂದೂಕುಧಾರಿ.

ಅವರ ರಣರಂಗ ಅಂಗೈಯಗಲದ ಮೊಬೈಲು; ಆಟದ ಹೆಸರು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. 2021ರ ಜುಲೈಯಲ್ಲಿ ಬಂದ ಈ ಆಟ ಮರುವರ್ಷದ ಜುಲೈಯಲ್ಲಿ ಸರ್ಕಾರದ ತಡೆಗೆ ಒಳಗಾಗಿ, 2023ರ ಮೇ ತಿಂಗಳಲ್ಲಿ ಮರಳಿತು. ಎರಾಂಗಲ್ ಎಂಬುದೊಂದು ಕಲ್ಪಿತ ದ್ವೀಪ. ಉದ್ದಗಲ ಎಂಟೆಂಟು ಕಿಲೋಮೀಟರು. ವಿಮಾನದಿಂದ ನೂರು ಮಂದಿ ಪ್ಯಾರಾಚೂಟು ಕಟ್ಟಿಕೊಂಡು ಬರಿಗೈಯಲ್ಲಿ ಅಲ್ಲಿಗೆ ಇಳಿಯುತ್ತಾರೆ. ಪಾಳುಮನೆಗಳಲ್ಲಿ ಬಂದೂಕು, ಗುಂಡು, ಬ್ಯಾಂಡೇಜು ಹುಡುಕಿಕೊಳ್ಳಬೇಕು. ಸುತ್ತಲಿನ ನೀಲಿ ವಲಯ ಕಿರಿದಾಗುತ್ತ ಎಲ್ಲರನ್ನೂ ಒಂದೆಡೆಗೆ ನೂಕುತ್ತದೆ. ಕೊನೆಗೆ ಉಳಿದವನಿಗೆ ದೊರೆಯುವ ಬಿರುದು ‘ಚಿಕನ್ ಡಿನ್ನರ್’. ತಿಳಿಸಾರು ಉಂಡು ಕುಳಿತ ನಮ್ಮ ವೀರರಿಗೆ ಅದು ಹೆಸರಿಗೆ ಮಾತ್ರ. ಬೆನ್ನಿಗೆ ಸಿಕ್ಕಿಸಿದ ಬಾಣಲೆ ಗುಂಡನ್ನು ತಡೆಯುವುದೆಂದು ತಿಳಿದಾಗ ಅವರ ಮಡದಿ, “ಆಟ ಮಾಡಿದವನು ಬುದ್ಧಿವಂತ” ಎಂದಿದ್ದರು.

ಅವರು ಗುಂಡು ಹಾರಿಸುವುದು ಅಪರೂಪ. ಕದದ ಮರೆಯಲ್ಲಿ ಕುಳಿತು, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಹೆಜ್ಜೆಯ ಸಪ್ಪಳ ಮಹಡಿಯದೋ ಅಂಗಳದ್ದೋ ಎಂದು ಆಲಿಸುವುದೇ ಅವರಿಗೆ ಪರಮಾನಂದ.

“ಅಪ್ಪ, ನಮ್ಮ ಸ್ಕ್ವಾಡಿಗೆ ಬನ್ನಿ. ನಾಲ್ವರಿದ್ದರೆ ಬಿದ್ದವರನ್ನು ಇನ್ನೊಬ್ಬರು ಎತ್ತಬಹುದು. ಒಂಟಿ ಆಟದಲ್ಲಿ ಬಿದ್ದರೆ ಮುಗಿಯಿತು” ಎಂದು ಮಗ ಕರೆಯುತ್ತಿದ್ದ.

“ಮುಗಿಯಲಿ. ನನ್ನ ತಪ್ಪಿಗೆ ಬೇರೆಯವರು ಬೀಳುವುದಿಲ್ಲವಲ್ಲ” ಎನ್ನುತ್ತಿದ್ದರು ತಂದೆ. ದಿನವೆಲ್ಲ ಪರರ ಹಣ ಎಣಿಸುವವರಿಗೆ, ತಮ್ಮ ತಪ್ಪು ತಮಗೆ ಮಾತ್ರ ತಗಲುವ ಒಂದು ಎಡೆ ಬೇಕಾಗಿತ್ತು.

ಒಂದು ಸಂಜೆ ಲೆಕ್ಕ ಮುಗಿಸುವಾಗ ಐದು ಸಾವಿರ ರೂಪಾಯಿ ಕಡಮೆ ಬಂತು. ಮೂರು ಬಾರಿ ಎಣಿಸಿದರೂ ಅಷ್ಟೇ. ಕೊರತೆಯನ್ನು ಕೈಯಿಂದ ತುಂಬಿ, ಯಾರಿಗೂ ಹೇಳದೆ ಮನೆಗೆ ಬಂದರು. ಆ ವಾರ ಅರ್ಧ ಗಂಟೆಯ ಆಟ ಎರಡು ಗಂಟೆಯಾಯಿತು; ಹೆಡ್‌ಫೋನು ಕಿವಿಯಿಂದ ಇಳಿಯಲೇ ಇಲ್ಲ. ಊಟಕ್ಕೆ ಕರೆದರೂ ಕೇಳಿಸದು.

ಮಗನ ಟ್ಯೂಷನ್ ಶುಲ್ಕಕ್ಕೆಂದು ಬೀರುವಿನಲ್ಲಿ ಇಟ್ಟಿದ್ದ ಹಣ ಕಾಣದೆ ಮಡದಿ ಕೇಳಿದಾಗ ವಿಷಯ ಹೊರಬಿತ್ತು. ಅವರು ಗದರಲಿಲ್ಲ. ಕೊಂಚ ಹೊತ್ತು ಸುಮ್ಮನಿದ್ದು, “ಫೋನಿನಲ್ಲಿ ಒಬ್ಬರೇ ಆಡಿಕೊಳ್ಳಿ, ನನ್ನ ತಕರಾರಿಲ್ಲ. ಮನೆಯಲ್ಲಿಯೂ ಯಾಕೆ ಒಂಟಿ ಆಟ ಆಡುತ್ತೀರಿ? ಬಿದ್ದವರನ್ನು ಎತ್ತಲು ಇಲ್ಲಿ ಜನ ಇಲ್ಲವೇ?” ಎಂದರು.

ಕ್ಯಾಷಿಯರಿಗೆ ಉತ್ತರ ಹೊಳೆಯಲಿಲ್ಲ. ತಪ್ಪನ್ನು ಬಚ್ಚಿಟ್ಟು ತಾವು ಯಾರನ್ನೂ ಕಾಪಾಡಿರಲಿಲ್ಲ; ಜೊತೆಗಿದ್ದವರನ್ನು ದೂರ ನಿಲ್ಲಿಸಿದ್ದರು, ಅಷ್ಟೆ. ಆ ರಾತ್ರಿ ಅವರು ಆಟವಾಡಲಿಲ್ಲ. ಗಂಡ ಹೆಂಡತಿ ಬಹಳ ಹೊತ್ತು ಮಾತನಾಡಿದರು. ಶುಲ್ಕಕ್ಕೆ ಚೀಟಿಯ ಹಣ ಒದಗಿತು.

ಮರುದಿನ ಮತ್ತೆ ಒಬ್ಬರೇ ದ್ವೀಪಕ್ಕೆ ಇಳಿದರು. ಏಕಾಂತದ ಆ ಸುಖವನ್ನು ಬಿಡಲು ಯಾರೂ ಹೇಳಿರಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಹುಲ್ಲಿನಲ್ಲಿ ಅಡಗಿದ್ದವನೊಬ್ಬನ ಗುಂಡಿಗೆ ಸಿಕ್ಕಿ ಹದಿನಾಲ್ಕನೆಯ ಸ್ಥಾನಕ್ಕೆ ತೃಪ್ತರಾದರು. ಅನಂತರ ಹೆಡ್‌ಫೋನು ತೆಗೆದಿಟ್ಟು, ಅಡುಗೆಮನೆಯ ಬಾಗಿಲಿಗೆ ಹೋಗಿ, ತಾವು ಹೇಗೆ ಬಿದ್ದೆವೆಂಬುದನ್ನು ಮಡದಿಗೆ ವಿವರವಾಗಿ ಹೇಳಿದರು.